ಗಟ್ಟಿಯಾಗಿ ಓದಿ, ಮೊದಲು ನೀವೇ ಕೇಳಿ



ನೆಹೆಮೀಯ 8ನೇ ಅಧ್ಯಾಯ ತೆಗೀರಿ. ಏಳನೇ ತಿಂಗಳಿನ ಮೊದಲನೇ ದಿನ. ಯೆರೂಸಲೇಮಿನ ನೀರುಬಾಗಿಲಿನ ಮುಂದೆ ಜನ ಸೇರಿದ್ದಾರೆ. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೂ ಧರ್ಮಶಾಸ್ತ್ರವನ್ನು ಓದಿದ. ಗ್ರಂಥ ತೆರೆದಾಗ ಎಲ್ಲರೂ ಎದ್ದು ನಿಂತರು. ಲೇವಿಯರು ಅರ್ಥ ಬಿಡಿಸಿ ಹೇಳಿದರು. ಕೇಳ್ತಾ ಕೇಳ್ತಾ ಜನ ಅತ್ತರು. ಕೀಬೋರ್ಡ್ ಇಲ್ಲ, ಡ್ರಮ್ಸ್ ಇಲ್ಲ, ವಾಕ್ಯ ಕೇಳಿಯೇ ಅತ್ತರು!

ಒಂದು ಮಾತು ಒಪ್ಪಿಕೊಳ್ತೀನಿ. ಎಷ್ಟೋ ವರ್ಷ ನನಗೆ ಸಭೆಯಲ್ಲಿ ವಾಕ್ಯ ಓದೋದು ಅಂದ್ರೆ ವರ್ಷಿಪ್ ಮುಗಿದು ಪ್ರಸಂಗ ಶುರುವಾಗೋ ನಡುವಿನ ಎರಡು ನಿಮಿಷ. ಬಾಯಿ ಓದ್ತಿತ್ತು, ಮನಸ್ಸು ನೋಟ್ಸ್ ಮೇಲಿತ್ತು.

ಹೋದ ವರ್ಷ ಒಂದು ಭಾನುವಾರ ಓದಬೇಕಾಗಿದ್ದ ಬ್ರದರ್ ಬರಲಿಲ್ಲ. ನಾನೇ ಓದಿದೆ. ಮತ್ತಾಯ 5, 21ರಿಂದ 26. ಆಗ ಅಪ್ಪನ ಸೈಟ್ ವಿಷಯಕ್ಕೆ ನಮ್ಮಣ್ಣನ ಜೊತೆ ಎಂಟು ತಿಂಗಳಿಂದ ಮಾತು ಬಿಟ್ಟಿದ್ದೆ. 23ನೇ ವಚನ ಬಂತು. ಕಾಣಿಕೆ ತಂದವನಿಗೆ ಯಜ್ಞವೇದಿಯ ಹತ್ತಿರ ಏನು ನೆನಪಾಗುತ್ತೆ? ಸಹೋದರನಿಗೆ ತನ್ನ ಮೇಲಿರೋ ಬೇಸರ! ಮೊಬೈಲಲ್ಲಿ ಇದನ್ನ ಎಷ್ಟು ಸಲ ನೋಡಿದ್ದೆ. ಪ್ರತಿಸಲ ತಿರುಗಿಸಿ, ಅಣ್ಣನ ಮೇಲೆ ನನಗಿರೋ ಬೇಸರ ಅಂತಾನೇ ಓದಿಕೊಂಡಿದ್ದೆ. ಕಣ್ಣಲ್ಲಿ ಓದುವಾಗ ಬೇಡದ್ದನ್ನ ದಾಟಿಬಿಡಬಹುದು. ಗಟ್ಟಿಯಾಗಿ ಓದುವಾಗ ಪ್ರತಿ ಪದವನ್ನೂ ಹೇಳಲೇಬೇಕು. ಹೇಳಿದ್ದನ್ನ ಮೊದಲು ಕೇಳೋದು ನನ್ನ ಕಿವಿನೇ.

ಧ್ವನಿ ಅಲ್ಲಿಗೇ ನಿಂತುಹೋಯ್ತು. ನೀವೆಲ್ಲಾ ಅಭಿಷೇಕ ಅಂದುಕೊಂಡು "ಹಲ್ಲೆಲೂಯಾ" ಅಂದ್ರಿ. ಪ್ರಿಯರೇ, ಅವತ್ತು ನಾನು ಸಿಕ್ಕಿಬಿದ್ದಿದ್ದೆ.

ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡಿದೆ. ತೆಗೀಲಿಲ್ಲ. ಸೋಮವಾರ ರಾತ್ರಿ ತೆಗೆದ. "ಅಣ್ಣಾ, ನನ್ನಿಂದ ನಿನಗೆ ನೋವಾಗಿದೆ, ಕ್ಷಮಿಸು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಊಟ ಆಯ್ತೇನೋ?" ಅಂದ. ಸೈಟಿನ ವಿಷಯ ಇನ್ನೂ ಮುಗಿದಿಲ್ಲ. ಆದ್ರೆ ಮಾತಾಡ್ತಿದ್ದೀವಿ. ದೇವರಿಗೆ ಸ್ತೋತ್ರ!

ಯೌವನಸ್ಥರೇ, 1 ತಿಮೊಥೆ 4:13 ನೋಡಿ. ತಿಮೊಥೆಯೂ ಯೌವನಸ್ಥನೇ. ಅವನಿಗೆ ಪೌಲನು ಮೊದಲು ಹೇಳೋದು ಸಭೆಯಲ್ಲಿ ವೇದ ಓದೋದನ್ನ, ಆಮೇಲೆ ಎಚ್ಚರಿಸೋದು, ಉಪದೇಶಿಸೋದು. "ಪಾಸ್ಟರ್, ನಾನು ಇಂಗ್ಲಿಷ್ ಮೀಡಿಯಂ, ಕನ್ನಡ ತಡವರಿಸುತ್ತೆ" ಅಂತ ಹಿಂಜರೀಬೇಡಿ. ಶನಿವಾರ ರಾತ್ರಿ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಕೊಂಡು ಬನ್ನಿ. ಇಲ್ಲಿ ತಡವರಿಸಿದ್ರೂ ಪರವಾಗಿಲ್ಲ. ವಾಕ್ಯ ನಿಮ್ಮನ್ನ ಎಲ್ಲಿ ಹಿಡಿಯುತ್ತೋ ಅಲ್ಲಿ ನಿಲ್ಲಿ. ನಾವು ಕಾಯ್ತೀವಿ.

ಆಮೆನ್. ಎದ್ದು ನಿಂತು ಪ್ರಾರ್ಥಿಸೋಣ.