ಯಾರ ಟೀಪಾಟು?

ಅರವತ್ತು ದಾಟಿದ ಮೇಲೆ ಮಣ್ಣು ಕಲಸಲು ಹೊರಟವನನ್ನು ಕಂಡು ಮನೆಯವರು ನಗದಿದ್ದರೆ ಅದೇ ಆಶ್ಚರ್ಯ. ನನ್ನ ಮನೆಯವರು ಧಾರಾಳವಾಗಿಯೇ ನಕ್ಕರು. ಆದರೂ ಪ್ರತಿ ಶನಿವಾರ ನಾನು ಬೆಂಗಳೂರಿನ ಪಾಟರಿ ಟೌನಿಗೆ ಹೋಗತೊಡಗಿದೆ. ಹೆಸರು ಇಂಗ್ಲಿಷಿನದಾದರೂ ಅಲ್ಲಿ ಮಣ್ಣಿನ ಕೆಲಸವನ್ನೇ ನಂಬಿದ ಕುಂಬಾರ ಮನೆತನಗಳಿವೆ. ಗಣೇಶನ ಹಬ್ಬವೋ ದೀಪಾವಳಿಯೋ ಹತ್ತಿರ ಬಂದರೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಯ ಹಿರಿಯರೊಬ್ಬರು ನನ್ನನ್ನು ಶಿಷ್ಯನೆಂದು ಒಪ್ಪಿಕೊಂಡರು. ಒಪ್ಪಿಕೊಂಡರು ಎನ್ನುವುದಕ್ಕಿಂತ ಸಹಿಸಿಕೊಂಡರು ಎಂದರೆ ಸರಿಯಾದೀತು.

ನನಗೆ ಬೇಕಾಗಿದ್ದುದು ಒಂದು ಟೀಪಾಟು. ಅದಕ್ಕೆ ಕಾರಣ ಅಕ್ಕ. ಕಾಫಿಯ ಮನೆತನದಲ್ಲಿ ಹುಟ್ಟಿಯೂ ಚಹಾ ಕುಡಿಯುವವಳು ಅವಳೊಬ್ಬಳೇ. ತಂದೆ ತೀರಿಕೊಂಡ ಮೇಲೆ ತನ್ನ ಓದು ಬಿಟ್ಟು, ಟೈಪಿಸ್ಟ್ ಕೆಲಸಕ್ಕೆ ಸೇರಿ, ನನ್ನನ್ನು ಕಾಲೇಜಿಗೆ ಕಳಿಸಿದವಳೂ ಅವಳೇ. ಅವಳಿಗೆ ಎಂಬತ್ತು ತುಂಬುವ ದಿನ ನನ್ನ ಕೈಯಾರೆ ಮಾಡಿದ ಟೀಪಾಟನ್ನು ಅವಳ ಮುಂದಿಡಬೇಕೆಂದು ಹಟ ಹಿಡಿದೆ.

ಟೀಪಾಟಿನಲ್ಲಿ ಏನು ಮಹಾ ಇದೆ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಬಟ್ಟಲು ಮಾಡುವವನು ಒಂದು ವಸ್ತುವನ್ನು ಮಾಡುತ್ತಾನೆ. ಟೀಪಾಟು ಮಾಡುವವನು ಹೊಟ್ಟೆ, ಮೂತಿ, ಮುಚ್ಚಳ, ಹಿಡಿ ಎಂದು ನಾಲ್ಕನ್ನು ಮಾಡಿ ಅವಕ್ಕೆ ಸಂಬಂಧ ಕುದುರಿಸಬೇಕು. ಮೂತಿಯ ತುದಿ ಪಾತ್ರೆಯ ಬಾಯಿಗಿಂತ ತಗ್ಗಿದ್ದರೆ ಪಾತ್ರೆ ತುಂಬುವ ಮೊದಲೇ ಚಹಾ ಮೂತಿಯಿಂದ ಹರಿದುಹೋಗುತ್ತದೆ. ನನ್ನ ಮೊದಲನೆಯದು ಹಾಗಾಯಿತು. ಮುಚ್ಚಳವನ್ನು ಅದೇ ಮಣ್ಣಿನಿಂದ ಮಾಡಿ, ಪಾತ್ರೆಯ ಜೊತೆಯಲ್ಲಿಯೇ ಒಣಗಿಸಿ, ಜೊತೆಯಲ್ಲಿಯೇ ಸುಡಬೇಕು. ಮಣ್ಣು ಒಣಗಿ ಸುಡುವಷ್ಟರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ನಾನು ಎರಡನೆಯದರ ಮುಚ್ಚಳವನ್ನು ಒಂದು ವಾರ ಬಿಟ್ಟು ಬೇರೆ ಮಣ್ಣಿನಲ್ಲಿ ಮಾಡಿದೆ. ಅದು ಈಗ ಹಿತ್ತಿಲಲ್ಲಿ ಗುಬ್ಬಿಗೆ ಕಾಳು ಹಾಕುವ ತಟ್ಟೆ.

ಮೂರನೆಯದು ಪೂರ್ತಿ ನನ್ನದೇ, ನೋಡಲು ಚೆನ್ನಾಗಿಯೂ ಇತ್ತು. ಆದರೆ ಸುರಿದಾಗಲೆಲ್ಲ ಚಹಾ ಮೂತಿಯ ಕೆಳಗೆ ಇಳಿದು ಮೇಜುಬಟ್ಟೆಗೆ ಹೋಗುತ್ತಿತ್ತು. ಇದೇನು ಸಾಮಾನ್ಯ ತೊಂದರೆಯಲ್ಲ. 1956ರಲ್ಲಿ ಮಾರ್ಕಸ್ ರೈನರ್ ಎಂಬ ವಿಜ್ಞಾನಿ ಇದಕ್ಕೆ ‘ಟೀಪಾಟ್ ಪರಿಣಾಮ’ ಎಂದು ಹೆಸರಿಟ್ಟ. ಮರುವರ್ಷ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞ, ಹರಿಯುವ ದ್ರವವನ್ನು ಹೊರಗಿನ ಗಾಳಿಯ ಒತ್ತಡವೇ ಮೂತಿಗೆ ಅಂಟಿಸುತ್ತದೆಂದು ಲೆಕ್ಕ ಹಾಕಿ ತೋರಿಸಿದ. ನಮ್ಮ ಮೇಷ್ಟ್ರು ಇಬ್ಬರನ್ನೂ ಓದಿಲ್ಲ. ಮೂತಿಯ ತುಟಿಯ ಮೇಲೆ ಬೆರಳಾಡಿಸಿ, “ಇದು ಮೊಂಡಾಯ್ತು ಸಾರ್. ಚೂಪಾಗಿದ್ರೆ ನೀರು ಕಡಿದುಕೊಳ್ಳುತ್ತೆ” ಎಂದರು, ಅಷ್ಟೆ.

ಮಣ್ಣಿಗೆ ನೆನಪಿದೆ ಎಂಬುದನ್ನು ಅವರಿಂದಲೇ ಕಲಿತೆ. ತಿಗರಿಯ ಮೇಲೆ ಎತ್ತಿದ ಮೂತಿಯೊಳಗೆ ಆ ಸುತ್ತು ಅಡಗಿ ಕುಳಿತಿರುತ್ತದೆ. ಆವಿಗೆಯ ಬೆಂಕಿಯಲ್ಲಿ ಅದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ನೀವು ನೆಟ್ಟಗೆ ಕತ್ತರಿಸಿದ ತುದಿ ಹೊರಬರುವಾಗ ಓರೆಯಾಗಿರುತ್ತದೆ. ಆದ್ದರಿಂದ ಬಲ್ಲವರು ಮೊದಲೇ ಒಂದಿಷ್ಟು ಸೊಟ್ಟಗೆ ಕತ್ತರಿಸುತ್ತಾರೆ. ಎಷ್ಟು ಸೊಟ್ಟಗೆ? ಅದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.

ನಾಲ್ಕನೆಯದಕ್ಕೆ ಬರೋಣ. ಅಕ್ಕನ ಹುಟ್ಟುಹಬ್ಬಕ್ಕೆ ಒಂದು ತಿಂಗಳಿತ್ತು. ಗೋಡೆಯನ್ನು ಮೇಲಕ್ಕೆ ಎಳೆಯುವಾಗ ಪಾತ್ರೆ ತೂರಾಡಿತು. ಮೇಷ್ಟ್ರು ಮಾತಿಲ್ಲದೆ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು. ಹತ್ತು ಎಣಿಸುವಷ್ಟರಲ್ಲಿ ಅದು ಗರ್ಭಿಣಿಯಂತೆ ತುಂಬಿಕೊಂಡು ನಿಂತಿತು. ಮರುವಾರ ನಾನು ಅಂಗಡಿಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಅವರು ಮೂತಿಯನ್ನು ಕತ್ತರಿಸಿ, ಗೀರು ಹಾಕಿ, ಮಣ್ಣಿನ ರಾಡಿ ಬಳಿದು ಅಂಟಿಸಿಬಿಟ್ಟಿದ್ದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಪೂರ್ತಿ ನನ್ನದು ಎನ್ನಬಹುದಾದದ್ದು ಹಿಡಿ. ಅದು ಸ್ವಲ್ಪ ವಾಲಿದೆ.

ಅಂದು ಮನೆ ತುಂಬ ಜನ. ಟೀಪಾಟಿನಿಂದ ಚಹಾ ಒಂದು ಹನಿಯೂ ಚೆಲ್ಲದೆ ಕಮಾನಾಗಿ ಇಳಿಯಿತು. ಭಾವ, “ಏನಯ್ಯಾ, ಅಂಗಡೀದಲ್ಲ ತಾನೆ?” ಎಂದರು. ನಾನು, “ಇಲ್ಲ ಭಾವ, ನಾನೇ ಮಾಡಿದ್ದು” ಎಂದೆ.

ಆ ರಾತ್ರಿ ನನಗೆ ನಿದ್ದೆ ಕೆಡಿಸಿದ್ದು ಆ ಒಂದು ಏಕಾರ. ‘ನಾನು ಮಾಡಿದ್ದು’ ಎಂದಿದ್ದರೆ ಹೇಗೋ ನಡೆಯುತ್ತಿತ್ತು. ಶಾಲೆಯ ಹುಡುಗನೂ ಮೇಷ್ಟ್ರು ತಿದ್ದಿದ ಪ್ರಬಂಧವನ್ನು ತನ್ನದೆಂದೇ ಹೇಳುತ್ತಾನೆ. ಆದರೆ ನಮ್ಮ ಭಾಷೆಯಲ್ಲಿ ಆ ಒಂದು ಸ್ವರ ಉಳಿದವರನ್ನೆಲ್ಲ ಬಾಗಿಲಿನಿಂದಾಚೆ ತಳ್ಳಿ ಅಗಳಿ ಹಾಕುತ್ತದೆ.

ಸಮಾಧಾನಕ್ಕೆ ಪುಸ್ತಕಗಳ ಮೊರೆಹೊಕ್ಕೆ. ಜಪಾನಿನಲ್ಲಿ ಯಾನಾಗಿ ಸೋಯೆತ್ಸು ಎಂಬ ಚಿಂತಕ, ಹೆಸರಿಲ್ಲದ ಕಸುಬುದಾರ ಮಾಡಿದ ದಿನಬಳಕೆಯ ವಸ್ತುವಿನಲ್ಲಿಯೇ ದೊಡ್ಡ ಸೌಂದರ್ಯವಿದೆ ಎಂದು ವಾದಿಸಿದವರು. ಅವರ ಗೆಳೆಯ ಹಮಾದಾ ಶೋಜಿ ಲೋಕಪ್ರಸಿದ್ಧ ಕುಂಬಾರನಾದರೂ ತಮ್ಮ ಪಾತ್ರೆಗಳ ಮೇಲೆ ಮುದ್ರೆ ಒತ್ತುವುದನ್ನೇ ಬಿಟ್ಟರು. ಅವರು ನೆಲಸಿದ ಮಾಶಿಕೋ ಊರಿನಲ್ಲಿ ಮಿನಗಾವಾ ಮಾಸು ಎಂಬ ಹೆಂಗಸು ದಿನಕ್ಕೆ ನೂರಾರು ಟೀಪಾಟುಗಳ ಮೇಲೆ ಬೆಟ್ಟ ನದಿಗಳ ಚಿತ್ರ ಬರೆಯುತ್ತಿದ್ದರಂತೆ. ಚೀನದ ಯೀಶಿಂಗಿನಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿ ತಿಗರಿಯಿಲ್ಲದೆ ಮಣ್ಣಿನ ಹಾಳೆ ತಟ್ಟಿ ಟೀಪಾಟು ಕಟ್ಟುತ್ತಾರೆ, ತಳದಲ್ಲಿ ಮಾಡಿದವರ ಮುದ್ರೆಯಿರುತ್ತದೆ, ಆ ಮುದ್ರೆಗೇ ಬೆಲೆ. ನನಗೆ ಯಾನಾಗಿಯ ಪಕ್ಷವೇ ಅನುಕೂಲವಾಗಿ ಕಂಡಿತು. ಮಣ್ಣು ಕೆರೆಯದು, ಬೆಂಕಿ ಎಲ್ಲರದು, ವಿದ್ಯೆ ಕುಲದ್ದು. ಹೆಸರಿನ ಗೊಡವೆ ಯಾಕೆ?

ಈ ವಾದದ ಮೇಲೆ ಎರಡು ದಿನ ಸುಖವಾಗಿದ್ದೆ. ಮೂರನೆಯ ದಿನ ಅದರ ಬಿರುಕು ಕಾಣಿಸಿತು. ಹಮಾದಾ ಬಿಟ್ಟುಕೊಟ್ಟದ್ದು ತಮ್ಮ ಹೆಸರನ್ನು. ನಾನು ಬಿಟ್ಟದ್ದು ಇನ್ನೊಬ್ಬರ ಹೆಸರನ್ನು. ಹೊರಗಿನಿಂದ ಎರಡೂ ಒಂದೇ ಬಗೆಯ ಮೌನವಾಗಿ ಕಂಡಾವು.

ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಚಹಾ ಸುರಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಹಿಡಿ ನೋಡಿದಾಗಲೇ ಅಂದ್ಕೊಂಡೆ, ಹಿಡಿ ಒಬ್ಬರದು ಮೂತಿ ಒಬ್ಬರದು ಅಂತ. ಅದಿರಲಿ, ಆ ಮೇಷ್ಟ್ರಿಗೆ ಏನು ಕೊಟ್ಟೆ?”

“ತಿಂಗಳು ತಿಂಗಳು ಫೀಜು ಕೊಡ್ತಿದ್ದೀನಲ್ಲ ಅಕ್ಕ.”

“ಫೀಜು ನಾನೂ ಕಟ್ಟಿದ್ದೆನಲ್ಲೋ” ಎಂದು ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

ಅವಳು ಚುಚ್ಚಿ ಹೇಳಿದಳೋ ಸುಮ್ಮನೆ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಕೇಳಲಿಲ್ಲ. ನನ್ನ ಪದವಿಯ ಪ್ರಮಾಣಪತ್ರ ಚೌಕಟ್ಟಿನಲ್ಲಿ ನಲವತ್ತು ವರ್ಷ ಗೋಡೆಯ ಮೇಲಿದೆ; ಅದರಲ್ಲಿ ಒಂದೇ ಹೆಸರು.

ಮುಂದಿನ ಶನಿವಾರ ಟೀಪಾಟನ್ನು ಚೀಲದಲ್ಲಿಟ್ಟುಕೊಂಡು ಮೇಷ್ಟ್ರ ಬಳಿಗೆ ಹೋದೆ. ನಡೆದುದನ್ನು ತಿಳಿಸಿ, ತಳದಲ್ಲಿ ತಮ್ಮ ಹೆಸರು ಬರೆದುಕೊಡಬೇಕೆಂದು ಕೇಳಿದೆ. ಅವರು ಅದನ್ನು ತಿರುಗಿಸಿ ನೋಡಿ ನಕ್ಕರು. “ಹಸಿ ಇದ್ದಾಗ ಕೇಳಬೇಕಿತ್ತು ಸಾರ್. ಸುಟ್ಟ ಮೇಲೆ ಎಲ್ಲಿ ಬರೆಯೋದು?” ಎಂದು ಹೇಳಿ, ಒಂದು ಮುದ್ದೆ ಮಣ್ಣನ್ನು ನನ್ನ ಮುಂದೆ ಒಗೆದರು.

ಈಗ ಐದನೆಯದು ನಡೆದಿದೆ. ಹೊಟ್ಟೆ ಅರೆಬರೆ ಒಣಗಿ ಒದ್ದೆ ಬಟ್ಟೆಯ ಕೆಳಗೆ ಕುಳಿತಿದೆ. ನಾಳಿದ್ದು ಮೂತಿ ಅಂಟಿಸಬೇಕು. ಮೇಷ್ಟ್ರು ಹತ್ತಿರ ಬಂದು ಕೈ ಚಾಚಿದರೆ ಬೇಡವೆನ್ನಲೋ, ಸುಮ್ಮನೆ ಸರಿದು ಜಾಗ ಕೊಡಲೋ, ಇನ್ನೂ ತೀರ್ಮಾನವಾಗಿಲ್ಲ.