ಬಿದಿರಿನ ಉಸಿರು ಮತ್ತು ಕಡವಾಗಿ ಬಂದ ಶಾಂತಿ

ಮನಸ್ಸಿಗೆ ಶಾಂತಿಯನ್ನು ತರುವುದೆಲ್ಲವೂ ಆತ್ಮಹಿತವನ್ನು ಸಾಧಿಸುತ್ತದೆಯೇ? ಪ್ರಶ್ನೆ ಹಳೆಯದು, ಆದರೆ ಇಂದು ಅದು ಹೊಸ ರೂಪದಲ್ಲಿ ನಮ್ಮ ಸ್ವಾಧ್ಯಾಯ ಮಂದಿರಗಳ ಬಾಗಿಲಿಗೆ ಬಂದಿದೆ. ಸಾಮಾಯಿಕಕ್ಕೆ ಕುಳಿತವರಿಗೆ ಏಕಾಗ್ರತೆ ಲಭಿಸಲೆಂದು ಧ್ವನಿವರ್ಧಕದಲ್ಲಿ ಕೊಳಲಿನ ನಾದವನ್ನು ಹರಿಯಬಿಡುವ ರೂಢಿ ಅಲ್ಲಲ್ಲಿ ಕಾಣುತ್ತಿದೆ. ಇಂತಹ ಧ್ಯಾನಸಂಗೀತದಲ್ಲಿ ನಮ್ಮ ಬಾನ್ಸುರಿಯಂತೆಯೇ ಜಪಾನಿನ ಶಕುಹಾಚಿ ಎಂಬ ಬಿದಿರಿನ ಕೊಳಲೂ ಸೇರಿದೆ. ಅದರ ಆಕರ್ಷಣೆಯ ಮೂಲವನ್ನು ಶ್ರಾವಕರಾದ ನಾವು ವಿಚಾರಮಾಡಿ ನೋಡುವುದು ಉಚಿತ.

ಶಕುಹಾಚಿ ಎಂಬ ಹೆಸರು ಅದರ ಅಳತೆಯಿಂದ ಬಂದುದು: 1 ಶಕು 8 ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಬಿದಿರಿನ ಬೇರಿನ ಕಡೆಯ ಗಟ್ಟಿ ಭಾಗದಿಂದ ಅದನ್ನು ಮಾಡುತ್ತಾರೆ. ಮುಂದೆ 4, ಹಿಂದೆ 1 ರಂಧ್ರ. ನಮ್ಮ ಕೊಳಲಿನಂತೆ ಅಡ್ಡಲಾಗಿ ಹಿಡಿಯದೆ, ನೇರವಾಗಿ ಹಿಡಿದು ತುದಿಯ ಅಂಚಿಗೆ ಊದುತ್ತಾರೆ. ಝೆನ್ ಬೌದ್ಧರ ಫುಕೆ ಪಂಥದ ಕೊಮುಸೊ ಎಂಬ ಸಂಚಾರಿ ಸಾಧಕರಿಗೆ ಇದು ಸಭಾರಂಜನೆಯ ವಾದ್ಯವಾಗಿರದೆ ಸಾಧನೆಯ ಉಪಕರಣವಾಗಿತ್ತು. ಆ ಸಾಧನೆಗೆ ಸುಯಿಝೆನ್, ಊದುವ ಧ್ಯಾನ, ಎಂದು ಹೆಸರು. 18ನೆಯ ಶತಮಾನದಲ್ಲಿ ಕುರೊಸಾವಾ ಕಿಂಕೊ ಎಂಬಾತನು ಈ ಪರಂಪರೆಯ ರಚನೆಗಳನ್ನು ಸಂಗ್ರಹಿಸಿದನು. ಅವನ ಸಂಪ್ರದಾಯದಲ್ಲಿ 36 ರಚನೆಗಳು ಇಂದಿಗೂ ಉಳಿದಿವೆ.

ಈ ಸಂಗೀತದಲ್ಲಿ ಪ್ರಾಯಶಃ ತಾಳದ ಕಟ್ಟು ಇಲ್ಲ. ಒಂದು ಉಸಿರೇ ಒಂದು ವಾಕ್ಯ. ಸ್ವರ ಹುಟ್ಟಿ, ತುಂಬಿ, ಕ್ಷೀಣಿಸಿ, ಮೌನದಲ್ಲಿ ಲೀನವಾಗುತ್ತದೆ; ಮುಂದಿನ ಸ್ವರಕ್ಕೆ ಅವಸರವಿಲ್ಲ. ಗಾಳಿಯ ಸುಯ್ಲನ್ನೂ ಮರೆಮಾಚುವುದಿಲ್ಲ. ನಮ್ಮ ನಾಡಿಗೂ ಕೊಳಲಿನ ಗಾಂಭೀರ್ಯ ಅಪರಿಚಿತವಲ್ಲ. ಪನ್ನಾಲಾಲ್ ಘೋಷರು (1911-1960) ರೂಢಿಗೆ ತಂದ ಉದ್ದನೆಯ ಬಾನ್ಸುರಿಯನ್ನು ವೆಂಕಟೇಶ ಗೋಡ್ಖಿಂಡಿ, ಅವರ ಪುತ್ರ ಪ್ರವೀಣ ಗೋಡ್ಖಿಂಡಿ ಅವರಂತಹ ಕಲಾವಿದರು ಕನ್ನಡಿಗರ ಮನೆಗಳಿಗೆ ಮುಟ್ಟಿಸಿದ್ದಾರೆ. ಆದರೆ ರಾಗದ ಆಲಾಪವು ಕೇಳುಗನನ್ನು ಮುಂದಿನ ಸಂಚಾರದ ನಿರೀಕ್ಷೆಯಲ್ಲಿ ಕರೆದೊಯ್ಯುತ್ತದೆ; ಶಕುಹಾಚಿಯು ಮುಗಿಯುತ್ತಿರುವ ಉಸಿರಿನ ಬಳಿಯೇ ಅವನನ್ನು ನಿಲ್ಲಿಸುತ್ತದೆ. ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಣಮೋಕಾರವನ್ನು 27 ಉಚ್ಛ್ವಾಸಗಳಲ್ಲಿ ಸ್ಮರಿಸುವ ನಮಗೆ ಈ ಉಸಿರಿನ ಲೆಕ್ಕ ಹತ್ತಿರದ್ದೆನಿಸಿದರೆ ಆಶ್ಚರ್ಯವಿಲ್ಲ.

ಆದರೆ ಇಲ್ಲಿಯೇ ವಿವೇಕ ಬೇಕು. ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ವಾದ್ಯಧ್ವನಿಯನ್ನು ತತ, ವಿತತ, ಘನ, ಸೌಷಿರ ಎಂದು ವಿಂಗಡಿಸಿದ್ದಾರೆ. ಕೊಳಲು, ಶಂಖಗಳ ನಾದ ಸೌಷಿರ. ಈ ನಾಲ್ಕೂ ಪುದ್ಗಲದ ಪರ್ಯಾಯಗಳೇ. ಶಬ್ದವು ಆಕಾಶದ ಗುಣವೆಂದು ನೈಯಾಯಿಕರು ಹೇಳಿದರೆ, ಜೈನದರ್ಶನವು ಅದನ್ನು ಪುದ್ಗಲವೆಂದೇ ಎಣಿಸಿತು. ಹಾಗಾದರೆ ಎಷ್ಟೇ ಸೂಕ್ಷ್ಮವಾದ ನಾದವೂ ಶ್ರೋತ್ರೇಂದ್ರಿಯದ ವಿಷಯವೇ ಹೊರತು ಆತ್ಮನ ಸಮಭಾವವಲ್ಲ. ಧ್ವನಿಯಂತ್ರ ನಿಂತೊಡನೆ ಮನಸ್ಸು ಕಸಿವಿಸಿಗೊಂಡರೆ ಅದು ಇಷ್ಟವಿಯೋಗದ ಆರ್ತಧ್ಯಾನ. ಪಕ್ಕದವರು ಕೆಮ್ಮಿದಾಗ ಸಿಟ್ಟು ಬಂದರೆ ಅನಿಷ್ಟಸಂಯೋಗದ ಆರ್ತಧ್ಯಾನ. ಧರ್ಮಧ್ಯಾನಕ್ಕೆಂದು ಕುಳಿತವನು ತನಗರಿಯದೆಯೇ ಮತ್ತೊಂದು ಧ್ಯಾನದೊಳಕ್ಕೆ ಜಾರಿರುತ್ತಾನೆ.

ನಮ್ಮ ಟಿ.ಬಿ. ಡ್ಯಾಂನ ಜಲರಾಶಿ ನಿಶ್ಚಲವಾಗಿ ಕಾಣುತ್ತದೆ. ಆದರೆ 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾದಾಗ, ಆ ನಿಶ್ಚಲತೆ ಎಂತಹ ಆಧಾರದ ಮೇಲೆ ನಿಂತಿತ್ತೆಂಬುದು ನದೀತೀರದವರೆಲ್ಲರಿಗೂ ತಿಳಿಯಿತು. ಹೊರಗಿನ ನಾದವನ್ನು ನೆಚ್ಚಿದ ಶಾಂತಿಗೂ ಅಂತಹುದೇ ಒಂದು ಸರಪಳಿ ಇದೆ.

ಕೊಮುಸೊಗಳ ಚರಿತ್ರೆಯೂ ಇದನ್ನೇ ಸಾರುತ್ತದೆ. ಅಹಂಕಾರವನ್ನು ಮರೆಯಲೆಂದು ಅವರು ತಲೆಯನ್ನೆಲ್ಲ ಮುಚ್ಚುವ ಬುಟ್ಟಿಯಂತಹ ಟೋಪಿ ಧರಿಸುತ್ತಿದ್ದರು. ಒಡೆಯನನ್ನು ಕಳೆದುಕೊಂಡ ಅನೇಕ ಸಮುರಾಯಿಗಳು ಆ ಪಂಥವನ್ನು ಸೇರಿದ್ದರು. ನಾಡಿನಲ್ಲೆಲ್ಲ ಸಂಚರಿಸಲು ಅವರಿಗಿದ್ದ ಅವಕಾಶವೂ ಮುಖ ಮುಚ್ಚುವ ವೇಷವೂ ಗೂಢಚಾರರಿಗೆ ಅನುಕೂಲವಾದವು. ಕಡೆಗೆ 1871ರಲ್ಲಿ ಮೇಜಿ ಸರ್ಕಾರ ಪಂಥವನ್ನೇ ರದ್ದುಗೊಳಿಸಿತು. ಸಾಧಕನ ಕೈಯಲ್ಲಿದ್ದುದೂ ಅದೇ ಬಿದಿರು, ಗೂಢಚಾರನ ಕೈಯಲ್ಲಿದ್ದುದೂ ಅದೇ ಬಿದಿರು. ದ್ರವ್ಯ ಒಂದೇ, ಭಾವ ಬೇರೆ.

ಹಾಗೆಂದು ಸಂಗೀತವನ್ನು ಬಹಿಷ್ಕರಿಸಬೇಕೆ? ಗೃಹಸ್ಥನಿಗೆ ಮೆಟ್ಟಿಲು ಬೇಕು. ದಿನವಿಡೀ ಪೇಟೆಯ ಗದ್ದಲದಲ್ಲಿದ್ದವನು ಹತ್ತು ನಿಮಿಷ ಕೊಳಲು ಕೇಳಿ ಮನಸ್ಸನ್ನು ಹದಗೊಳಿಸಿದರೆ ಅದು ದೋಷವಲ್ಲ. ಆದರೆ ವ್ಯಾಪಾರಿಗೆ ಕಡದ ಹಣವನ್ನು ಸ್ವಂತ ಬಂಡವಾಳದ ಖಾತೆಗೆ ಬರೆಯಬಾರದೆಂಬುದು ಗೊತ್ತಿರಬೇಕು. ನಾದದಿಂದ ಬಂದ ಶಾಂತಿ ಕಡ. ಅದನ್ನು ದುಡಿಸಿ ಗಳಿಸಿದ ಸಮಭಾವ ಮಾತ್ರ ಬಂಡವಾಳ. ಬಾಕಿದಾರನು ಬರಿಗೈಯಲ್ಲಿ ಬಂದು ಎದುರು ನಿಂತಾಗ ನಮ್ಮ ಮಾತಿನ ಮೃದುತ್ವ ಉಳಿಯಿತೇ ಎಂಬುದೇ ಅದರ ತಾಳೆಪಟ್ಟಿ.

ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ನಾದದ ಆಸೆಯಿಂದ ಜನ ತಟ್ಟಿ ತಟ್ಟಿ ಸವೆಸಿದರು; ಈಗ ಅವುಗಳನ್ನು ತಟ್ಟುವುದನ್ನು ನಿಷೇಧಿಸಲಾಗಿದೆ. ಅದೇ ಹಂಪಿಯಲ್ಲಿ, ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುನಾಥ ಜಿನಾಲಯ, ಗಾಣಗಿತ್ತಿ ಬಸದಿಯಿದೆ. ಅಲ್ಲಿ ನಾದದ ಕಂಬವಿಲ್ಲ. ಮುಂದೆ ಒಂದು ದೀಪಸ್ತಂಭ, ಒಳಗೆ ಮೌನ. ಆ ಮೌನವನ್ನು ಯಾರೂ ಸವೆಸಲಾರರು.

ಆದುದರಿಂದ ಬಸದಿಗಳ ವಿಶ್ವಸ್ಥ ಮಂಡಳಿಗಳಿಗೆ ಒಂದು ವಿನಂತಿ. ಸಾಮಾಯಿಕಕ್ಕೆ ಮೊದಲು ಬೇಕಾದರೆ ಸ್ವಲ್ಪ ಹೊತ್ತು ಕೊಳಲಿನ ನಾದವಿರಲಿ. ಬಳಿಕ ಯಂತ್ರವನ್ನು ನಿಲ್ಲಿಸಿ, 48 ನಿಮಿಷಗಳನ್ನು ಸಾಧಕರ ಸ್ವಂತ ಉಸಿರಿಗೇ ಬಿಟ್ಟುಕೊಡಿ. ಮೊದಮೊದಲು ಬೀದಿಯ ಸದ್ದು, ಮಕ್ಕಳ ಅಳು, ಮನದ ಗದ್ದಲ ಎಲ್ಲವೂ ಕೇಳಿಸೀತು. ಕೇಳಿಸಲಿ. ಅವುಗಳ ನಡುವೆ ರಾಗದ್ವೇಷವಿಲ್ಲದೆ ಕುಳಿತಿರುವುದನ್ನು ಕಲಿಯುವುದಕ್ಕೇ ಅಲ್ಲವೇ ನಾವು ಅಲ್ಲಿ ಸೇರಿರುವುದು?