ಸಾಲವೂ ಋಣವೂ

ಕನ್ನಡದಲ್ಲಿ ಸಾಲ ಎಂಬ ಮಾತೂ ಉಂಟು, ಋಣ ಎಂಬ ಮಾತೂ ಉಂಟು. ನಿಘಂಟಿನಲ್ಲಿ ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟಿರಬಹುದು. ಜನರ ಬಾಯಲ್ಲಿ ಅವೆರಡೂ ಒಂದೇ ಅಲ್ಲ. ಅಂಗಡಿಯವನಿಗೆ ಕೊಡಬೇಕಾದದ್ದು ಸಾಲ. ಅನ್ನವಿಟ್ಟವರಿಗೆ ಸಲ್ಲಬೇಕಾದದ್ದು ಋಣ. ಸಾಲಕ್ಕೆ ಲೆಕ್ಕವುಂಟು, ಪತ್ರವುಂಟು, ಬಡ್ಡಿಯುಂಟು. ಋಣಕ್ಕೆ ಇವು ಯಾವುವೂ ಇಲ್ಲ. ಊರು ಬಿಟ್ಟು ಹೊರಟವನು ‘ಈ ಮಣ್ಣಿನ ಋಣ ಮುಗಿಯಿತು’ ಎನ್ನುತ್ತಾನೆಯೇ ಹೊರತು ಸಾಲ ಮುಗಿಯಿತು ಎನ್ನುವುದಿಲ್ಲ. ಹಾಗಾದರೆ, ಲೆಕ್ಕಪತ್ರಗಳೆಲ್ಲ ಬಲ ಕಳೆದುಕೊಂಡ ಮೇಲೆ ಒಂದು ಸಾಲ ಏನಾಗುತ್ತದೆ? ಇಲ್ಲವಾಗುತ್ತದೆಯೆ, ಅಥವಾ ಋಣವಾಗಿ ಉಳಿಯುತ್ತದೆಯೆ?

ಇದು ಪಂಡಿತರ ವಾದಕ್ಕೆಂದು ಹುಟ್ಟಿಸಿದ ಪ್ರಶ್ನೆಯಲ್ಲ. ನಮ್ಮ ನಗರಗಳ ಎಷ್ಟೋ ಮನೆಗಳ ಬೀರುವಿನಲ್ಲಿ ಈ ಪ್ರಶ್ನೆ ಒಂದು ಹಳೆಯ ಕ್ರೆಡಿಟ್ ಕಾರ್ಡಿನ ರೂಪದಲ್ಲಿ ಮಲಗಿದೆ. ಸಂಬಳ ಬರುತ್ತಿದ್ದ ಕಾಲದಲ್ಲಿ ಬ್ಯಾಂಕಿನವರೇ ಕರೆದು ಕೊಟ್ಟದ್ದು. ನೌಕರಿ ಹೋದಾಗಲೋ, ಮನೆಯಲ್ಲಿ ಕಾಯಿಲೆ ಬಿದ್ದಾಗಲೋ ಕಟ್ಟಲಾಗದೆ ನಿಂತದ್ದು. ಮೊದಲು ಫೋನುಗಳು ಬಂದವು, ಆಮೇಲೆ ವಕೀಲರ ನೋಟೀಸು, ಆಮೇಲೆ ಮೌನ. ಎಂಟು ಹತ್ತು ವರ್ಷ ಕಳೆದು ಕೈ ಸ್ವಲ್ಪ ಚೇತರಿಸಿಕೊಂಡಿರುವಾಗ, ಹೆಸರೇ ಕೇಳಿರದ ಒಂದು ಕಂಪನಿಯಿಂದ ಕಾಗದ: ‘ಬ್ಯಾಂಕಿನ ಬಾಕಿಯನ್ನು ನಾವು ಕೊಂಡಿದ್ದೇವೆ, ನೀವು ಇಷ್ಟು ಲಕ್ಷ ಕೊಡತಕ್ಕದ್ದು.’ ನನ್ನ ಪರಿಚಯದ ಗೃಹಸ್ಥರೊಬ್ಬರಿಗೆ ಇಂಥ ಕಾಗದ ಬಂತು. ಸುಮ್ಮನಿದ್ದುಬಿಡಿ, ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ ಎಂದರು ಅವರ ವಕೀಲರು. ಗೃಹಸ್ಥರಿಗೆ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ‘ಕೋರ್ಟು ಬಿಟ್ಟರೂ ತಂದದ್ದು ತಂದದ್ದೇ ಅಲ್ಲವೆ, ಮೇಷ್ಟ್ರೇ?’ ಎಂದು ಅವರು ನನ್ನನ್ನು ಕೇಳಿದರು.

ವಕೀಲರು ಹೇಳಿದ್ದು ಸರಿಯೆ. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಬಾಕಿಗೆ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ತುಂಬುವ ಮೊದಲು ಸಾಲಗಾರನು ಬಾಕಿ ಉಂಟೆಂದು ಬರೆದು ಸಹಿ ಹಾಕಿದ್ದರೆ ಕಾಲ ಹೊಸದಾಗಿ ಮೊದಲಾಗುತ್ತದೆ; ಇಲ್ಲವಾದರೆ ವಾಯಿದೆ ಮುಗಿಯಿತು. ಸಾಲಗಾರನು ಬಾಯಿಬಿಟ್ಟು ಹೇಳದಿದ್ದರೂ ನ್ಯಾಯಾಧೀಶರು ತಾವಾಗಿಯೇ ದಾವೆಯನ್ನು ವಜಾ ಮಾಡಬೇಕು. ಇದು ಸಾಲಗಾರನ ಮೇಲಿನ ದಯೆಯಿಂದ ಹುಟ್ಟಿದ ನಿಯಮವಲ್ಲ. ಕಾಲ ಕಳೆದಂತೆ ರಸೀತಿಗಳು ಕಳೆಯುತ್ತವೆ, ಸಾಕ್ಷಿಗಳು ಸಾಯುತ್ತಾರೆ, ನೆನಪು ಮಸುಕಾಗುತ್ತದೆ. ತನ್ನ ಹಕ್ಕಿನ ಮೇಲೆ ನಿದ್ದೆ ಮಾಡಿದವನಿಗಾಗಿ ಇನ್ನೊಬ್ಬನು ಜನ್ಮವಿಡೀ ಎಚ್ಚರವಾಗಿರಬೇಕೆಂದು ಹೇಳುವುದು ನ್ಯಾಯವಲ್ಲ.

ಆದರೆ ಕಾಯಿದೆ ಏನು ಹೇಳಿದೆಯೋ ಅದರಷ್ಟೇ ಮುಖ್ಯ, ಏನನ್ನು ಹೇಳಿಲ್ಲ ಎಂಬುದು. ಸಾಲವೇ ಇಲ್ಲ ಎಂದು ಅದು ಹೇಳಿಲ್ಲ. ನ್ಯಾಯಾಲಯದ ಬಾಗಿಲನ್ನು ಮುಚ್ಚಿದೆ, ಅಷ್ಟೆ. ವಾಯಿದೆ ಮುಗಿದ ಸಾಲವನ್ನು ಒಬ್ಬನು ತಾನಾಗಿ ತೀರಿಸಿದರೆ, ತಪ್ಪಿ ಕೊಟ್ಟೆನೆಂದು ಆ ಹಣವನ್ನು ಹಿಂದಕ್ಕೆ ಕೇಳುವಂತಿಲ್ಲ. ಸಲ್ಲಬೇಕಾದದ್ದೇ ಸಂದಿದೆ ಎಂಬುದು ಅದರ ಅರ್ಥ. ಇನ್ನೂ ಸೊಗಸಾದದ್ದು 1872ರ ಕರಾರು ಕಾಯಿದೆಯ 25ನೆಯ ಕಲಮು. ಪ್ರತಿಫಲವಿಲ್ಲದ ಮಾತು ಕರಾರಲ್ಲ ಎಂಬುದು ಆ ಕಾಯಿದೆಯ ಸಾಮಾನ್ಯ ನಿಯಮ. ಆದರೆ ವಾಯಿದೆ ಮುಗಿದ ಸಾಲವನ್ನು, ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ, ಕೊಡುತ್ತೇನೆಂದು ಒಬ್ಬನು ಬರೆದು ಸಹಿ ಹಾಕಿದರೆ, ಬೇರೆ ಪ್ರತಿಫಲವಿಲ್ಲದೆಯೂ ಆ ಮಾತು ನಿಲ್ಲುತ್ತದೆ. ಬಲಾತ್ಕಾರ ಮಾಡಲಾರೆ ಎಂದು ಕೈಬಿಟ್ಟ ಕಾನೂನು, ನೀನಾಗಿ ವಚನ ಕೊಟ್ಟರೆ ಅದಕ್ಕೆ ನಾನು ಸಾಕ್ಷಿ ಎನ್ನುತ್ತದೆ.

ಇಲ್ಲಿಂದ ನನಗೆ ಹೊಳೆಯುವುದು ಇಷ್ಟು. ಮೊದಲ 3 ವರ್ಷಗಳಲ್ಲಿ ಸಾಲ ತೀರಿಸುವವನು ಕರ್ತವ್ಯಕ್ಕಾಗಿ ತೀರಿಸಿದನೋ, ಜಪ್ತಿಯ ಭಯಕ್ಕೆ ತೀರಿಸಿದನೋ ಎಂಬುದನ್ನು ಅವನೂ ಖಂಡಿತವಾಗಿ ಹೇಳಲಾರ. ಭಯ ತೊಲಗಿದ ಮೇಲೆ ಉಳಿಯುವುದು ಶುದ್ಧವಾದ ಕರ್ತವ್ಯ. ವಾಯಿದೆ ಮುಗಿದ ದಿನ ಸಾಲ ಸಾಯುವುದಿಲ್ಲ. ಅದು ಮೊದಲ ಬಾರಿಗೆ ಋಣವಾಗುತ್ತದೆ.

ಅಮೆರಿಕದ ಸಾಹಿತಿ ಮಾರ್ಕ್ ಟ್ವೇನ್ ನಡೆಸುತ್ತಿದ್ದ ಪ್ರಕಟಣ ಸಂಸ್ಥೆ 1894ರಲ್ಲಿ ದಿವಾಳಿಯಾಯಿತು. ಕಾನೂನು ಅವನನ್ನು ಪೂರ್ತಿ ಹಣಕ್ಕೆ ಕಟ್ಟಿಹಾಕುವಂತಿರಲಿಲ್ಲ. ಆದರೂ ಅರುವತ್ತರ ಹೊಸ್ತಿಲಲ್ಲಿದ್ದ ಆ ಮನುಷ್ಯ ಉಪನ್ಯಾಸ ಕೊಡುತ್ತ ಲೋಕವನ್ನು ಸುತ್ತಿದ. 1896ರಲ್ಲಿ ನಮ್ಮ ದೇಶಕ್ಕೂ ಬಂದ. 1898ರ ವೇಳೆಗೆ ಪೂರ್ತಿ ಸಾಲ ತೀರಿಸಿದ. ಅವನ ಹಾಸ್ಯಕ್ಕೆ ನಕ್ಕ ನಮ್ಮ ಊರುಗಳ ಸಭಿಕರಲ್ಲಿ ಎಷ್ಟು ಮಂದಿಗೆ ಆ ನಗೆಯ ಹಿಂದಿನ ಲೆಕ್ಕ ತಿಳಿದಿತ್ತೋ!

ಆದರೆ ದೊಡ್ಡವರ ಉದಾಹರಣೆಯನ್ನು ಸಾಮಾನ್ಯರ ತಲೆಯ ಮೇಲೆ ಹೇರುವ ಮೊದಲು ಸ್ವಲ್ಪ ನಿಲ್ಲಬೇಕು. ನಮ್ಮವನೇ ಆದ ರಾಘವಾಂಕನ ಹರಿಶ್ಚಂದ್ರನನ್ನು ನೋಡಿ. ಅವನು ಸುಖಕ್ಕೆಂದು ಒಂದು ಕಾಸನ್ನೂ ತಂದವನಲ್ಲ; ಆಡಿದ ಮಾತೇ ಅವನ ಸಾಲವಾಯಿತು. ವಸೂಲಿಗೆ ವಿಶ್ವಾಮಿತ್ರನು ಬೆನ್ನಿಗೆ ಕಟ್ಟಿದ ನಕ್ಷತ್ರಿಕನ ಹೆಸರು ಇಂದಿಗೂ ಕಾಡುವವರಿಗೆಲ್ಲ ಅಡ್ಡಹೆಸರಾಗಿದೆ. ಹರಿಶ್ಚಂದ್ರ ಸಾಲ ತೀರಿಸಿದ. ಆದರೆ ಹೆಂಡತಿಯನ್ನೂ ಮಗನನ್ನೂ ಮಾರಿ ತೀರಿಸಿದ. ನಾವು ಆ ಕಥೆಗೆ ಕೈಮುಗಿಯುತ್ತೇವೆ. ಆದರೆ ನೆರೆಮನೆಯವನು ಹಾಗೆ ಮಾಡಹೊರಟರೆ ಕೈ ಹಿಡಿದು ನಿಲ್ಲಿಸುತ್ತೇವೆ. ನಿಲ್ಲಿಸಬೇಕಾದದ್ದೇ. ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಮೊದಲಲ್ಲೇ, ಪಡೆದದ್ದನ್ನು ಹಿಂದಿರುಗಿಸುವುದೇ ನ್ಯಾಯವೆಂಬ ಮಾತು ಬಂದಾಗ ಸಾಕ್ರಟೀಸ್ ಒಂದು ತೊಡಕು ಒಡ್ಡುತ್ತಾನೆ: ಸ್ನೇಹಿತನೊಬ್ಬ ಆಯುಧವನ್ನು ಒಪ್ಪಿಸಿ ಹೋಗಿ, ಬುದ್ಧಿ ಕೆಟ್ಟಾಗ ಬಂದು ಕೇಳಿದರೆ ಕೊಡಬೇಕೆ? ಕೊಡಬೇಕಾದದ್ದು ನಿಜ, ಯಾವಾಗ, ಹೇಗೆ, ಯಾರಿಗೆ ನೋವಾಗದಂತೆ ಎಂಬುದೂ ನ್ಯಾಯದ ಭಾಗವೇ. ಮಗುವಿನ ಶಾಲೆಯ ಫೀಜು, ತಂದೆಯ ಔಷಧ ಇವೂ ಋಣಗಳೇ. ಬ್ಯಾಂಕಿನ ಬಾಕಿಗಿಂತ ಇವಕ್ಕೆ ಅಗ್ರಸ್ಥಾನ. ಉಂಡು ಉಟ್ಟು ಉಳಿದದ್ದರಲ್ಲಿ ಸಾಲ ತೀರಬೇಕು. ಉಳಿಯದವನು ಕೊಡದಿದ್ದರೆ ಅವನು ಬಡವನಾದಾನು, ವಂಚಕನಾಗಲಾರ. ಸಾಲದ ಅವಮಾನಕ್ಕೆ ಹೆದರಿ ಪ್ರಾಣ ನೀಗಿಕೊಂಡವರ ಸುದ್ದಿಯನ್ನು ಓದಿದಾಗಲೆಲ್ಲ, ಈ ಭೇದವನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲವೆ ಎಂದು ಮನಸ್ಸು ಮರುಗುತ್ತದೆ.

ಇನ್ನು, ಎಷ್ಟು ಕೊಡಬೇಕು? ಕಾರ್ಡಿನ ಸಾಲದ ಗುಟ್ಟು ಇರುವುದೇ ಇಲ್ಲಿ. 50,000 ರೂಪಾಯಿ ಬಾಕಿಗೆ ತಿಂಗಳಿಗೆ ನೂರಕ್ಕೆ 3ರಂತೆ ಚಕ್ರಬಡ್ಡಿ ಹಾಕಿದರೆ, 2 ವರ್ಷದಲ್ಲಿ ಅದು ಲಕ್ಷ ದಾಟುತ್ತದೆ. 5 ವರ್ಷದಲ್ಲಿ 2 ಲಕ್ಷ 94 ಸಾವಿರ ಮೀರುತ್ತದೆ. ವರ್ಷಕ್ಕೆ ನೂರಕ್ಕೆ 30ನ್ನು ಮೀರಿದ ಬಡ್ಡಿ ಅನ್ಯಾಯದ ವ್ಯಾಪಾರವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಕಾನೂನು ಗೆರೆ ಎಳೆಯದಿದ್ದರೆ ಎಲ್ಲಿ ಗೆರೆ ಎಳೆಯುವುದು? ನಮ್ಮ ಹಿಂದಿನವರು ಒಂದು ಗೆರೆ ಎಳೆದಿದ್ದರು. ಬಡ್ಡಿ ಅಸಲನ್ನು ಮೀರಬಾರದು, ಎರಡೂ ಸೇರಿ ಇಮ್ಮಡಿಗೆ ನಿಲ್ಲಬೇಕು ಎಂಬುದು ಮನುಸ್ಮೃತಿಯ ನಿಯಮ. ದಾಮದುಪ್ಪಟ್ ಎಂಬ ಹೆಸರಿನಿಂದ ಇದನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೂ ಪಾಲಿಸುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಆ ಪ್ರಾಂತಕ್ಕೆ ಸೇರಿದ್ದವು. ಮನಸ್ಸಾಕ್ಷಿ ಇದಕ್ಕಿಂತ ಹೆಚ್ಚನ್ನು ಕೇಳಬೇಕಾಗಿಲ್ಲ. ತಂದು ಬಳಸಿದ ಅಸಲು ಋಣ. ಅದರ ಮೇಲೆ ಒಂದು ಮರ್ಯಾದೆಯ ಬಡ್ಡಿಯೂ ಋಣ. ಮಿಕ್ಕದ್ದು ನಕ್ಷತ್ರಿಕನ ಲೆಕ್ಕ.

ನಕ್ಷತ್ರಿಕನಿಗೂ ಧರ್ಮವುಂಟೆಂಬುದನ್ನು ಮರೆಯಬಾರದು. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಕೂಡದೆಂದು 2022ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಬೇಕಾಗಿ ಬಂದದ್ದೇ ಆ ಧರ್ಮ ಎಷ್ಟು ಕೆಟ್ಟಿತ್ತೆಂಬುದಕ್ಕೆ ಸಾಕ್ಷಿ. ಆದರೆ ಅವನು ಒರಟನೆಂಬುದು ನಾವು ಕೊಡದಿರುವುದಕ್ಕೆ ಕಾರಣವಾಗದು.

ಬ್ಯಾಂಕಿಗೆ ಹೃದಯವಿಲ್ಲ, ಅದು ಈ ಬಾಕಿಯನ್ನು ನಷ್ಟಕ್ಕೆ ಬರೆದು ಮರೆತಿದೆ, ಅದಕ್ಕೆಂಥ ಋಣ ಎನ್ನುವವರೂ ಉಂಟು. ಬ್ಯಾಂಕು ಮರೆತಿರಬಹುದು, ನಷ್ಟ ಎಲ್ಲಿಯಾದರೂ ಹೋಗಿ ಕೂರಲೇಬೇಕಲ್ಲ? ಕೊಡದವರ ಪಾಲನ್ನು ಬ್ಯಾಂಕು ಕೊಡುವವರ ಬಡ್ಡಿಯಲ್ಲಿ ಸೇರಿಸುತ್ತದೆ. ತಿಂಗಳು ತಿಂಗಳೂ ಕನಿಷ್ಠ ಕಂತನ್ನಷ್ಟೇ ಕಟ್ಟುತ್ತ ಏದುಸಿರು ಬಿಡುತ್ತಿರುವ ಗುಮಾಸ್ತನೊಬ್ಬ, ನಮಗೆ ತಿಳಿಯದ ಹಾಗೆ, ನಮ್ಮ ಬಾಕಿಯ ಒಂದು ಚೂರನ್ನು ಹೊತ್ತಿರುತ್ತಾನೆ. ಋಣ ಬ್ಯಾಂಕಿನ ಕಟ್ಟಡಕ್ಕಲ್ಲ, ಅವನಿಗೆ. ಹಳೆಯ ಬಾಕಿಯನ್ನು ಅಗ್ಗಕ್ಕೆ ಕೊಂಡ ಕಂಪನಿಗೆ ಕೊಟ್ಟರೆ ಅವನ ಹೊರೆ ಇಳಿಯುವುದೆಂದು ನಾನು ಹೇಳಲಾರೆ. ಆದರೂ ಬಾಕಿಯ ಹಕ್ಕು ಕೈ ಬದಲಾಯಿಸಿದಾಗ ಕರ್ತವ್ಯವೂ ಅದರ ಹಿಂದೆ ಹೋಗುತ್ತದೆ. ಕೊಂಡವನು ನನಗೆ ಇಷ್ಟವಾದವನೇ ಆಗಬೇಕೆಂದು ನಾನು ಸಾಲ ತಂದಾಗ ಹೇಳಿರಲಿಲ್ಲ.

ಆದುದರಿಂದ, ಕೈಲಾಗುವವರಿಗೆ ನನ್ನ ಮಾತು ಇಷ್ಟು. ಫೋನಿನ ಗದ್ದಲಕ್ಕೆ ಹೆದರಿ ಯಾವುದಕ್ಕೂ ಸಹಿ ಹಾಕಬೇಡಿ. ಭಯದ ಸಹಿಯಿಂದ ಋಣ ತೀರದು, ಹಳೆಯ ಸಾಲವೇ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತೀತು. ಬಾಕಿ ನಿಜವಾಗಿ ಯಾರಿಗೆ ಸೇರಿದೆ ಎಂಬುದಕ್ಕೆ ಕಾಗದ ಕೇಳಿ. ಅಸಲೆಷ್ಟು ಎಂದು ನೀವೇ ಲೆಕ್ಕ ಹಾಕಿ. ನ್ಯಾಯವೆಂದು ತೋರಿದ ಮೊತ್ತವನ್ನು ನೀವೇ ಹೇಳಿ, ಇದರಿಂದ ಬಾಕಿ ಪೂರ್ತಿ ತೀರಿತೆಂದು ಮೊದಲು ಬರಹದಲ್ಲಿ ಪಡೆದು, ಒಂದೇ ಸಲಕ್ಕೆ ಕೊಟ್ಟುಬಿಡಿ. ಅವರು ಒಪ್ಪದಿದ್ದರೆ ಆ ಹಣವನ್ನು ಬೇರೆಯಾಗಿ ತೆಗೆದಿಡಿ. ಒಪ್ಪುವ ದಿನ ಬಂದೀತು. ಕೇಳುವ ಹಕ್ಕಿಗೆ ಸರಕಾರ ಮೂರು ವರ್ಷದ ಗಡುವನ್ನಿಟ್ಟಿದೆ. ಕೊಡುವ ಹಕ್ಕಿಗೆ ಯಾರೂ ಗಡುವನ್ನಿಟ್ಟಿಲ್ಲ.